ಅಗ್ಗದ ಸೆಡಾನ್, ತುಟ್ಟಿ ಟರ್ಬೊ: ಹಳೇ ಐಷಾರಾಮಿ ಕಾರು ಕೊಳ್ಳೋ ಮುಂಚೆ ಒಂದು ಪಾಠ

ಈ ಲೇಖನ ಬರೆಯೋಕೆ ಎರಡು ಕಾರಣ ಇದೆ. ಒಂದು, ನಾವು ಎರಡನೇ ವರ್ಷದ ಮೆಕ್ಯಾನಿಕಲ್‌ನವರು ಥರ್ಮೋಡೈನಮಿಕ್ಸ್ ಪೇಪರಿಗೆ ಸೂತ್ರ ಉರು ಹೊಡೆಯುತ್ತೇವೆ, ಆದರೆ ಅದು ರಸ್ತೆ ಮೇಲೆ ಎಲ್ಲಿ ಕೆಲಸ ಮಾಡ್ತದೆ ಅಂತ ನೋಡೋದಿಲ್ಲ. ಎರಡು, ಹೋದ ವರ್ಷ ನಾನು ಒಬ್ಬರಿಗೆ ತಪ್ಪು ಸಲಹೆ ಕೊಟ್ಟೆ. ಅದಕ್ಕೆ ದುಡ್ಡು ತೆತ್ತವರು ನಮ್ಮ ಮಾಮಾ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಅದಕ್ಕೆ ಬರವಣಿಗೆಯಲ್ಲಿ ಪುಸ್ತಕದ ಕನ್ನಡ, ಮನೆಯ ಕನ್ನಡ ಎರಡೂ ಕಲಸಿಕೊಂಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮಾಮಾ ಅಮರಗೋಳ ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡ್ತಾರೆ. ಒಂದು ಸುಗ್ಗಿ ಚೆನ್ನಾಗಿ ಹೋಯಿತು. ಅಕ್ಕನ ಮದುವೆಯೂ ಹತ್ತಿರ ಇತ್ತು. ಮನೆ ಮುಂದೆ ಒಂದು ದೊಡ್ಡ ಕಾರು ನಿಲ್ಲಬೇಕು ಅನ್ನೋ ಆಸೆ ಅವರಿಗೆ ಮೊದಲಿಂದ. ಒಂಬತ್ತು ವರ್ಷ ಹಳೆಯ, ಟರ್ಬೊ ಪೆಟ್ರೋಲ್ ಎಂಜಿನ್ನಿನ, ಕಪ್ಪು ಬಣ್ಣದ ಯುರೋಪಿನ ಸೆಡಾನ್ ಒಂದು ಎಂಟೂವರೆ ಲಕ್ಷಕ್ಕೆ ಸಿಕ್ಕಿತು. ಕಂಪನಿ ಹೆಸರು ಹೇಳೋದಿಲ್ಲ, ಯಾಕೆಂದರೆ ತಪ್ಪು ಕಂಪನಿಯದು ಅಂತ ನನಗೆ ಅನ್ನಿಸಿಲ್ಲ. ಮಾಮಾ ನನಗೆ ಫೋನ್ ಮಾಡಿದರು.

"ಅಳಿಯಾ, ನೀ ಮೆಕ್ಯಾನಿಕಲ್ ಓದಾಕತ್ತಿ ಅಲ್ಲೇನ? ಬಂದು ಒಂದ್ ಸಲ ನೋಡಿ ಹೋಗು. ನೀ ಹೂಂ ಅಂದ್ರ ತಗೋತೀನಿ."

ನಾನು ಹೋದೆ. ಬಣ್ಣ ನೋಡಿದೆ, ಟೈರ್ ನೋಡಿದೆ, ಸನ್‌ರೂಫ್ ತೆಗೆದು ಮುಚ್ಚಿದೆ. ಮೀಟರ್ 78,000 ಕಿ.ಮೀ. ತೋರಿಸುತ್ತಿತ್ತು. ಮಾರುವವರು ನಾವು ಬರೋ ಮುಂಚೆಯೇ ಗಾಡಿ ಚಾಲೂ ಮಾಡಿ, ಎಸಿ ಹಾಕಿ ತಣ್ಣಗೆ ಇಟ್ಟಿದ್ದರು. ಅದನ್ನು ನಾನು ಮರ್ಯಾದೆ ಅಂದುಕೊಂಡೆ. ಬೈಪಾಸ್ ಮೇಲೆ ಒಂದು ರೌಂಡ್ ಹೊಡೆದು ಬಂದು "ಎಂಜಿನ್ ಮಸ್ತ್ ಐತಿ ಮಾಮಾ" ಅಂದೆ.

ಏಳು ತಿಂಗಳ ಮೇಲೆ ಬೆಳಗಾವಿಯಿಂದ ಬಟ್ಟೆ ತಗೊಂಡು ಬರುವಾಗ ಕಿತ್ತೂರಿನ ಹತ್ತಿರ ಹಿಂದೆ ನೀಲಿ ಹೊಗೆ ತುಂಬಿತು. ಕೆಂಪು ಆಯಿಲ್ ಲೈಟ್ ಹತ್ತಿತು. ಗಾಡಿ ಲಾರಿ ಮೇಲೆ ಹುಬ್ಬಳ್ಳಿಗೆ ಬಂತು. ಟರ್ಬೊ, ಆಯಿಲ್ ಪಂಪ್, ಟೈಮಿಂಗ್ ಚೈನ್ ಸೆಟ್, ಕೂಲಿ ಎಲ್ಲ ಸೇರಿ ಎರಡು ಲಕ್ಷ ತೊಂಬತ್ತು ಸಾವಿರ ಆಯಿತು. ಮದುವೆಗೆ ಅಂತ ಎತ್ತಿಟ್ಟ ಗಂಟಿನಿಂದಲೇ ಅದನ್ನು ಕೊಟ್ಟರು. ಮಾಮಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಆಮೇಲೆ ಮೂರು ವಾರ ನಾನು ಕಾಲೇಜು ಮುಗಿಸಿ ಆ ಗ್ಯಾರೇಜಿಗೆ ಹೋಗಿ ಕೂತೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕಿಗೆ ಎಲ್ಲರೂ ಚಾಚಾ ಅಂತಾರೆ. ಅವರು ಬಿಚ್ಚಿ ತೋರಿಸಿದ್ದು ಮತ್ತು ನಾನು ಪುಸ್ತಕದಲ್ಲಿ ಹುಡುಕಿದ್ದು ಎರಡನ್ನೂ ಸೇರಿಸಿ ಈ ಪಾಠ ಬರೆದಿದ್ದೇನೆ.

ಟರ್ಬೊ ಏನು ಮಾಡ್ತದೆ?

ಎಂಜಿನ್ ಒಳಗೆ ಹೆಚ್ಚು ಇಂಧನ ಸುಡಬೇಕಾದರೆ ಹೆಚ್ಚು ಗಾಳಿ ಬೇಕು. ಹೆಚ್ಚು ಗಾಳಿ ಬೇಕಾದರೆ ಒಂದೋ ದೊಡ್ಡ ಎಂಜಿನ್ ಮಾಡಬೇಕು, ಇಲ್ಲವೇ ಸಣ್ಣ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಬೇಕು. ಸೈಲೆನ್ಸರ್‌ನಿಂದ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತಿದರೆ ಹೇಗೆ ಅಂತ ಯೋಚನೆ ಮಾಡಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಅವನ ಪೇಟೆಂಟ್ 1905ರದು.

ಈಗ ಒಂದು ಲೆಕ್ಕ ಮಾಡೋಣ. ಕಾರಿನ ಟರ್ಬೊದ ಕಂಪ್ರೆಸರ್ ಚಕ್ರದ ವ್ಯಾಸ 50 ಮಿ.ಮೀ. ಅಂತ ಇಟ್ಟುಕೊಳ್ಳಿ. ಅದು ನಿಮಿಷಕ್ಕೆ 1,50,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 2,500 ಸುತ್ತು. ಒಂದು ಸುತ್ತಿಗೆ ಚಕ್ರದ ಅಂಚು ಕ್ರಮಿಸುವ ದೂರ 0.157 ಮೀಟರ್. ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 390 ಮೀಟರ್, ಶಬ್ದದ ವೇಗಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಕ್ರ್ಯಾಂಕ್ ಶಾಫ್ಟ್ ಎಷ್ಟೇ ಜೋರಾಗಿ ತಿರುಗಿದರೂ ನಿಮಿಷಕ್ಕೆ 6,000 ಸುತ್ತು. ಇಪ್ಪತ್ತೈದು ಪಟ್ಟು ವ್ಯತ್ಯಾಸ!

ಇಷ್ಟು ವೇಗದ ಶಾಫ್ಟನ್ನು ಬಹಳಷ್ಟು ಕಾರುಗಳಲ್ಲಿ ಬಾಲ್ ಬೇರಿಂಗ್ ಹಿಡಿದಿರೋದಿಲ್ಲ. ಒಂದು ಸಣ್ಣ ಲೋಹದ ಬುಷ್ ಒಳಗೆ ಎಂಜಿನ್ ಆಯಿಲ್‌ನ ಪದರದ ಮೇಲೆ ಅದು ತೇಲುತ್ತದೆ. ಆ ಪದರದ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಆಯಿಲ್ ಇದ್ದಷ್ಟು ಹೊತ್ತು ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಆಯಿಲ್ ಕೆಲವೇ ಸೆಕೆಂಡು ತಪ್ಪಿತು ಅಂದರೆ ಬುಷ್ ಸವೆಯೋಕೆ ಶುರು. ಆಮೇಲೆ ಶಾಫ್ಟ್ ಅಲುಗಾಡಿ ಚಕ್ರದ ಅಂಚು ಗೋಡೆಗೆ ಉಜ್ಜುತ್ತದೆ.

ಇನ್ನೊಂದು ಲೆಕ್ಕ, ಇದು ನಮ್ಮ ಸಿಲಬಸ್ಸಿನದೇ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 94 ಕಿಲೋಪಾಸ್ಕಲ್. ಟರ್ಬೊ ಇದರ ಮೇಲೆ ಇನ್ನೂ 80 ಕಿಲೋಪಾಸ್ಕಲ್ ಒತ್ತುತ್ತದೆ ಅಂದರೆ ಒತ್ತಡದ ಅನುಪಾತ ಸುಮಾರು 1.85. ಏಪ್ರಿಲ್ ಮಧ್ಯಾಹ್ನ ಹೊರಗೆ 37 ಡಿಗ್ರಿ, ಅಂದರೆ 310 ಕೆಲ್ವಿನ್. ಗಾಳಿಗೆ ಗ್ಯಾಮಾ 1.4. ಹಾಗಾಗಿ 1.85ರ ಮೇಲೆ 0.286 ಘಾತ ಹಾಕಿ 310ರಿಂದ ಗುಣಿಸಿದರೆ ಆದರ್ಶ ಸ್ಥಿತಿಯಲ್ಲಿ ಸುಮಾರು 370 ಕೆಲ್ವಿನ್ ಬರುತ್ತದೆ. ಕಂಪ್ರೆಸರಿನ ದಕ್ಷತೆ ಶೇ. 70 ಅಂತ ಹಿಡಿದರೆ ಗಾಳಿ ನಿಜವಾಗಿ 120 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒತ್ತಡ ಶೇ. 85 ಹೆಚ್ಚಿದರೂ ಬಿಸಿ ಗಾಳಿ ಹಿಗ್ಗಿರೋದರಿಂದ ಸಾಂದ್ರತೆ ಹೆಚ್ಚಿದ್ದು ಶೇ. 45 ಮಾತ್ರ! ಅದೇ ಗಾಳಿಯನ್ನು ಇಂಟರ್‌ಕೂಲರ್ 55 ಡಿಗ್ರಿಗೆ ಇಳಿಸಿದರೆ ಲಾಭ ಶೇ. 75ಕ್ಕೆ ಏರುತ್ತದೆ. ಬಂಪರ್ ಹಿಂದೆ ಇರುವ ಆ ಇಂಟರ್‌ಕೂಲರ್ ಮಣ್ಣು, ಹುಳ ತುಂಬಿ ಅರ್ಧ ಮುಚ್ಚಿದ್ದರೆ, ಅಥವಾ ಅದರ ಪೈಪು ಸೀಳಿದ್ದರೆ, ಟರ್ಬೊ ಅದೇ ಶಕ್ತಿ ಕೊಡೋಕೆ ಇನ್ನೂ ಜೋರಾಗಿ ತಿರುಗಬೇಕು. ಒಂದು ಕಡೆಯ ಸಣ್ಣ ಹಾಳು ಇನ್ನೊಂದು ಕಡೆ ದೊಡ್ಡ ಖರ್ಚಾಗುವುದು ಹೀಗೆ.

ಹಾಗಾದರೆ ಟರ್ಬೊ ದುರ್ಬಲವೇ?

ನಾನು ಚಾಚಾನನ್ನು ಕೇಳಿದ ಮೊದಲ ಪ್ರಶ್ನೆ ಇದೇ. ಅವರು ರಸ್ತೆ ಕಡೆ ಕೈ ತೋರಿಸಿದರು.

"ಆ ಲಾರಿಗೆ ಟರ್ಬೊ ಇಲ್ಲೇನ ಬೇಟಾ? ಬಸ್ಸಿಗೆ ಇಲ್ಲೇನ? ಅವು ಎಷ್ಟ್ ಲಕ್ಷ ಕಿಲೋಮೀಟರ್ ಓಡ್ತಾವ ಗೊತ್ತೈತೇನ?"

ಹೌದಲ್ಲ! ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಕಾರ್ಖಾನೆಯೇ ಇದೆ. ಹೆದ್ದಾರಿ 48ರ ಮೇಲೆ ಪುಣೆ, ಬೆಂಗಳೂರು ಅಂತ ಓಡುವ ಲಾರಿ-ಬಸ್ಸುಗಳಲ್ಲಿ ಟರ್ಬೊ ಡೀಸೆಲ್ ಎಂಜಿನ್ನೇ ಇರೋದು. ಹಾಗಾದರೆ ಅಲ್ಲಿ ಬಾಳುವ ಟರ್ಬೊ ಕಾರಿನಲ್ಲಿ ಯಾಕೆ ಸಾಯುತ್ತದೆ?

ಮೂರು ಕಾರಣ ಇದೆ. ಮೊದಲನೆಯದು ಬಿಸಿ. ಡೀಸೆಲ್ ಹೊಗೆ ಪೆಟ್ರೋಲ್ ಹೊಗೆಗಿಂತ ತಂಪು. ಪೆಟ್ರೋಲ್ ಟರ್ಬೊಗೆ ಬರುವ ಹೊಗೆ ಪೂರ್ತಿ ಲೋಡ್‌ನಲ್ಲಿ 950 ಡಿಗ್ರಿ ಹತ್ತಿರ ಹೋಗುತ್ತದೆ. ಎರಡನೆಯದು ಆಯಿಲ್. ಲಾರಿಯ ಚೇಂಬರ್‌ನಲ್ಲಿ ಹತ್ತು ಲೀಟರಿಗೂ ಹೆಚ್ಚು ಆಯಿಲ್ ಇರುತ್ತದೆ. ಎರಡು ಲೀಟರಿನ ಕಾರಿನ ಎಂಜಿನ್‌ನಲ್ಲಿ ಐದು ಲೀಟರ್ ಆಸುಪಾಸು. ಕಡಿಮೆ ಆಯಿಲ್, ಹೆಚ್ಚು ಬಿಸಿ. ಮೂರನೆಯದು ಅಭ್ಯಾಸ. ಘಾಟ್ ಹತ್ತಿ ಬಂದ ಲಾರಿ ಡ್ರೈವರ್ ಢಾಬಾದ ಮುಂದೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡೋಕೆ ಬಿಡ್ತಾನೆ. ಅವನಿಗೆ ಯಾರೂ ಥರ್ಮೋಡೈನಮಿಕ್ಸ್ ಕಲಿಸಿಲ್ಲ, ಉಸ್ತಾದ್ ಹೇಳಿದ್ದಾನೆ, ಅಷ್ಟೇ. ನಾವು ಬೈಪಾಸ್ ಮೇಲೆ 120ರಲ್ಲಿ ಬಂದು, ಮನೆ ಮುಂದೆ ನಿಲ್ಲಿಸಿ, ತಕ್ಷಣ ಬಟನ್ ಒತ್ತಿ ಆಫ್ ಮಾಡ್ತೇವೆ.

ಆಫ್ ಮಾಡಿದ ಮೇಲೆ ಏನಾಗುತ್ತದೆ? ಆಯಿಲ್ ಪಂಪ್ ನಿಲ್ಲುತ್ತದೆ. ಆದರೆ ಟರ್ಬೈನ್ ಕಡೆಯ ಕಬ್ಬಿಣ ಇನ್ನೂ ಕೆಂಡದ ಹಾಗೆ ಇರುತ್ತದೆ. ಆ ಬಿಸಿ ಶಾಫ್ಟ್ ಮೂಲಕ ಬೇರಿಂಗಿಗೆ ಹರಿದು, ಅಲ್ಲಿ ನಿಂತ ಆಯಿಲನ್ನು ಸುಟ್ಟು ಕರಿ ಹೊರಳೆ ಮಾಡುತ್ತದೆ. ಒಂದು ಸಲಕ್ಕೆ ಏನೂ ಆಗಲ್ಲ. ದಿನಾ ಎರಡು ಸಲದಂತೆ ಐದು ವರ್ಷ ಲೆಕ್ಕ ಹಾಕಿ ನೋಡಿ. ಆಯಿಲ್ ಬರುವ ಕೊಳವೆ ಒಳಗೆ ಒಲೆಯ ಮೇಲಿನ ಮಸಿಯಂತೆ ಪದರ ಕೂರುತ್ತದೆ. ಹೊಸ ವಿನ್ಯಾಸಗಳಲ್ಲಿ ಟರ್ಬೊದ ನಡುಭಾಗಕ್ಕೆ ಕೂಲೆಂಟ್ ಹರಿಯುತ್ತದೆ, ಕೆಲವು ಕಾರುಗಳಲ್ಲಿ ಆಫ್ ಮಾಡಿದ ಮೇಲೂ ಸಣ್ಣ ಎಲೆಕ್ಟ್ರಿಕ್ ಪಂಪ್ ನೀರು ತಿರುಗಿಸುತ್ತದೆ. ಆದರೆ ಒಂಬತ್ತು ವರ್ಷದ ಗಾಡಿಯಲ್ಲಿ ಆ ಪಂಪ್ ಜೀವಂತ ಇದೆಯೋ ಇಲ್ಲವೋ ಯಾರು ನೋಡಿದ್ದಾರೆ?

ಆಯಿಲ್ ಎಂಬ ದೊಡ್ಡ ಪಾತ್ರ

ಮಾಮಾನ ಕಾರಿನ ಚೇಂಬರ್ ಬಿಚ್ಚಿದಾಗ ಒಳಗೆ ಆಯಿಲ್ ಬದಲು ಕರಿ ಕೆಸರು ಕಂಡಿತು. ಆಯಿಲ್ ಎಳೆಯುವ ಜಾಲರಿಯ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಟರ್ಬೊಗೆ ಆಯಿಲ್ ಹೋಗುವುದು ಉದ್ದನೆಯ, ಸಣ್ಣ ಕೊಳವೆಯಿಂದ. ಪಂಪಿಗೇ ಆಯಿಲ್ ಕೊರತೆ ಬಿದ್ದರೆ ಮೊದಲು ಉಪವಾಸ ಬೀಳುವುದು ಅದೇ. ಟರ್ಬೊ ಸತ್ತಿತು ಅಂತ ಎಲ್ಲರೂ ಅಂದರು. ನಿಜವಾಗಿ ಅದಕ್ಕೆ ಊಟ ಹಾಕದೆ ಕೊಂದಿದ್ದು.

ಯುರೋಪಿನಲ್ಲಿ ಕೆಲವು ಕಂಪನಿಗಳ ಲಾಂಗ್‌ಲೈಫ್ ಯೋಜನೆಯಲ್ಲಿ ಆಯಿಲ್ ಬದಲಾವಣೆ 30,000 ಕಿ.ಮೀ. ಅಥವಾ ಎರಡು ವರ್ಷದವರೆಗೂ ಹೋಗುತ್ತದೆ. ನಮ್ಮಲ್ಲಿ ಅದೇ ಕಾರುಗಳಿಗೆ ಸಾಮಾನ್ಯವಾಗಿ 15,000 ಕಿ.ಮೀ. ಅಥವಾ ಒಂದು ವರ್ಷ. ವ್ಯತ್ಯಾಸಕ್ಕೆ ಇಂಧನವೂ ಕಾರಣ. ಗಂಧಕ ಹೆಚ್ಚಿದ್ದರೆ ಸುಟ್ಟಾಗ ಆಮ್ಲ ಹುಟ್ಟಿ ಆಯಿಲ್‌ನ ಶಕ್ತಿ ಬೇಗ ಕರಗುತ್ತದೆ. ಬಿಎಸ್ 3 ಡೀಸೆಲ್‌ನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 350 ಭಾಗ, ಬಿಎಸ್ 4ರಲ್ಲಿ 50, ಬಿಎಸ್ 6ರಲ್ಲಿ 10. ಬಿಎಸ್ 4 ದೇಶಪೂರ್ತಿ ಬಂದಿದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್ 6 ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಅಂದರೆ ಇವತ್ತು ಸೆಕೆಂಡ್‌ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಇರುವ ಎಷ್ಟೋ ಹಳೇ ಕಾರುಗಳು ತಮ್ಮ ಬಾಲ್ಯವನ್ನು ಕೆಟ್ಟ ಇಂಧನದ ಮೇಲೆ ಕಳೆದಿವೆ.

ಅದರ ಮೇಲೆ ನಮ್ಮ ಊರಿನ ಓಡಾಟ. ಕೇಶ್ವಾಪುರದಿಂದ ವಿದ್ಯಾನಗರಕ್ಕೆ ಹೋಗಿ, ಎಸಿ ಹಾಕಿಕೊಂಡು ಅರ್ಧ ಗಂಟೆ ನಿಂತು, ವಾಪಸ್ ಬಂದರೆ ಮೀಟರಿನಲ್ಲಿ ಕೆಲವೇ ಕಿಲೋಮೀಟರ್, ಎಂಜಿನ್ ಓಡಿದ್ದು ಮಾತ್ರ ಒಂದು ಗಂಟೆ. ಕಿಲೋಮೀಟರ್ ನೋಡಿ ಆಯಿಲ್ ಬದಲಿಸುವವರಿಗೆ ಈ ಗಂಟೆಗಳು ಕಾಣೋದಿಲ್ಲ.

ಟರ್ಬೊ ಅಲ್ಲದ ರೋಗಗಳು

"ಟರ್ಬೊ ಎಂಜಿನ್ ಕೆಟ್ಟಿತು" ಅಂದಾಗ ಎಷ್ಟೋ ಸಲ ಕೆಟ್ಟಿರೋದು ಟರ್ಬೊ ಅಲ್ಲ, ಅದರ ಸುತ್ತಲಿನ ಭಾಗ. ಜಗತ್ತಿನಾದ್ಯಂತ ಗೊತ್ತಿರುವ ಕೆಲವು ಉದಾಹರಣೆ ಕೊಡ್ತೇನೆ.

ಟೈಮಿಂಗ್ ಚೈನ್: ಬೆಲ್ಟಿಗಿಂತ ಚೈನ್ ಗಟ್ಟಿ, ಎಂಜಿನ್ ಇರೋವರೆಗೂ ಇರ್ತದೆ ಅಂತ ಹೇಳುತ್ತಿದ್ದರು. ಬಿಎಂಡಬ್ಲ್ಯೂದ ಎನ್47 ಡೀಸೆಲ್ ಎಂಜಿನ್ 2007ರಲ್ಲಿ ಬಂತು. ಇದರ ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಚೈನ್ ಸವೆದು ತುಂಡಾಗುವ ತೊಂದರೆ ಹೆಸರಾಯಿತು. ಅದರಲ್ಲಿ ಚೈನ್ ಇರುವುದು ಎಂಜಿನ್ನಿನ ಹಿಂಭಾಗ, ಗೇರ್‌ಬಾಕ್ಸ್ ಕಡೆ. ಹಾಗಾಗಿ ಬದಲಿಸಬೇಕಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ದೊಡ್ಡದಾಗುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಇಎ888 ಪೆಟ್ರೋಲ್ ಎಂಜಿನ್ನಿನ ಹಳೇ ಆವೃತ್ತಿಗಳಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೈಕೊಡುತ್ತಿತ್ತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿ, 2018ರಲ್ಲಿ ರಾಜಿ ಆಯಿತು.

ಪಿಸ್ಟನ್ ರಿಂಗ್: ಅದೇ ಇಎ888ರ ಎರಡನೇ ಪೀಳಿಗೆಯಲ್ಲಿ ಘರ್ಷಣೆ ಕಡಿಮೆ ಮಾಡಲು ತೆಳು ಆಯಿಲ್ ರಿಂಗ್ ಹಾಕಿದ್ದರು. ಅದರ ಸಣ್ಣ ತೂತುಗಳು ಮಸಿಯಿಂದ ಮುಚ್ಚಿದರೆ ಆಯಿಲ್ ಕೆಳಗೆ ಇಳಿಯದೆ ಸಿಲಿಂಡರಿನಲ್ಲೇ ಸುಟ್ಟುಹೋಗುತ್ತದೆ. ಆಯಿಲ್ ಮಟ್ಟ ಸದ್ದಿಲ್ಲದೆ ಇಳಿಯುತ್ತದೆ, ಮಾಲೀಕ ಮುಂದಿನ ಸರ್ವಿಸ್‌ವರೆಗೂ ಬಾನೆಟ್ ತೆಗೆಯೋದಿಲ್ಲ.

ವಾಲ್ವ್ ಮೇಲಿನ ಕರಿ: ಹಳೇ ಕಾರುಗಳಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂದೆ ಚಿಮ್ಮಿ ಅದನ್ನು ತೊಳೆಯುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಹೋಗುತ್ತದೆ. ವಾಲ್ವ್ ತೊಳೆಯುವವರು ಯಾರೂ ಇಲ್ಲ. ಆಯಿಲ್ ಆವಿ ಬಂದು ಕೂತು ಗಟ್ಟಿಯಾಗುತ್ತದೆ. ಇದನ್ನು ತೆಗೆಯೋಕೆ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ! ಅದು ಕರಿಯನ್ನು ಕೆರೆಯುತ್ತದೆ, ಲೋಹಕ್ಕೆ ಏಟು ಮಾಡೋದಿಲ್ಲ.

ಪ್ಲಾಸ್ಟಿಕ್: ತೂಕ ಇಳಿಸಲು ವಾಟರ್ ಪಂಪ್, ಥರ್ಮೋಸ್ಟಾಟ್‌ಗಳ ಕವಚವನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದಾರೆ. ಹತ್ತು ವರ್ಷ ಬಿಸಿ-ತಂಪು ಉಂಡ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಕೂಲೆಂಟ್ ಸೋರುತ್ತದೆ, ಎಂಜಿನ್ ಕಾಯುತ್ತದೆ, ಹೆಡ್ ಬಾಗುತ್ತದೆ. ಶುರುವಾಗಿದ್ದು ಒಂದು ಸಣ್ಣ ಬಿರುಕಿನಿಂದ.

ಮೊದಲ ಟರ್ಬೊ ಕಾರಿನ ಕಥೆ

ಈ ಕಥೆ ಓದಿದಾಗ ನನಗೆ ಬಹಳ ಆಶ್ಚರ್ಯ ಆಯಿತು. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನೋ ಕಾರು ಬಂತು. ಜನರಿಗೆ ಮಾರಿದ ಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. ಎಂಜಿನ್ ನಾಕ್ ಆಗದಿರಲಿ ಅಂತ ಅದರಲ್ಲಿ ಬೇರೆ ಟ್ಯಾಂಕ್ ಇಟ್ಟು, ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಸಿಂಪಡಿಸುತ್ತಿದ್ದರು. ಅದಕ್ಕೆ ಟರ್ಬೊ ರಾಕೆಟ್ ಫ್ಲೂಯಿಡ್ ಅಂತ ಹೆಸರು. ಮಾಲೀಕರು ಆ ಟ್ಯಾಂಕ್ ತುಂಬಿಸೋದನ್ನೇ ಮರೆತರು. ದ್ರವ ಖಾಲಿಯಾದರೆ ಕಾರು ಶಕ್ತಿ ಕಡಿಮೆ ಮಾಡಿಕೊಳ್ಳುತ್ತಿತ್ತು. ಜನ ಬೇಸತ್ತರು. ಎರಡೇ ವರ್ಷಕ್ಕೆ ಕಾರು ನಿಂತಿತು. ಆಮೇಲೆ ಕಂಪನಿಯೇ ಎಷ್ಟೋ ಕಾರುಗಳ ಟರ್ಬೊ ಕಿತ್ತು ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಟ್ಟಿತು.

ಅರವತ್ತು ವರ್ಷ ಕಳೆದರೂ ಪಾಠ ಅದೇ. ಟರ್ಬೊ ಎಂಜಿನ್ ಮಾಲೀಕನಿಂದ ಒಂದು ಶಿಸ್ತು ಕೇಳುತ್ತದೆ. ಮೊದಲ ಮಾಲೀಕನ ಶಿಸ್ತಿನ ಬಿಲ್ ಬರುವುದು ಮೂರನೇ ಮಾಲೀಕನಿಗೆ.

ಇಂಥ ಕಾರು ಇಷ್ಟು ಅಗ್ಗ ಯಾಕೆ?

ಸ್ಕೋಡಾ ಆಕ್ಟೇವಿಯಾ ಭಾರತಕ್ಕೆ 2001ರಲ್ಲಿ ಬಂತು. ಬಿಎಂಡಬ್ಲ್ಯೂ ಚೆನ್ನೈನಲ್ಲಿ 2007ರಲ್ಲಿ ಜೋಡಣೆ ಶುರು ಮಾಡಿತು. ಆಮೇಲೆ ಯುರೋಪಿನ ಸೆಡಾನ್‌ಗಳು ನಮ್ಮಂಥ ಊರುಗಳಲ್ಲೂ ಕಾಣತೊಡಗಿದವು. ಮೊದಲ ಮಾಲೀಕ ವಾರಂಟಿ ಇರೋವರೆಗೆ ಓಡಿಸಿ ಮಾರುತ್ತಾನೆ. ಎರಡನೆಯವನು ಕಂಪನಿ ಸರ್ವಿಸ್ ತುಟ್ಟಿ ಅಂತ ಹೊರಗೆ ಮಾಡಿಸುತ್ತಾನೆ. ಮೂರನೆಯವನು ಬರುವ ಹೊತ್ತಿಗೆ ಬೆಲೆ ಹೊಸ ಹ್ಯಾಚ್‌ಬ್ಯಾಕಿನ ಮಟ್ಟಕ್ಕೆ ಬಂದಿರುತ್ತದೆ. ಆದರೆ ಗಮನಿಸಿ: ಇಳಿಯುವುದು ಕಾರಿನ ಬೆಲೆ ಮಾತ್ರ. ನಲವತ್ತು ಲಕ್ಷದ ಕಾರಿನ ಟರ್ಬೊ, ಕಾರು ಎಂಟು ಲಕ್ಷಕ್ಕೆ ಇಳಿದರೂ ನಲವತ್ತು ಲಕ್ಷದ ಕಾರಿನ ಟರ್ಬೊನೇ.

ಇನ್ನೊಂದು ದಾರಿ ದಿಲ್ಲಿಯದು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಎನ್‌ಒಸಿ ತಗೊಂಡು ಬೇರೆ ರಾಜ್ಯಗಳಿಗೆ ಬರುವ ಗಾಡಿಗಳು ಹೆಚ್ಚಾದವು. ಅಂಥದ್ದನ್ನು ತಗೊಂಡರೆ ಕೆಎ 25 ಅಥವಾ ಕೆಎ 63 ನಂಬರ್ ಮಾಡಿಸೋಕೆ ಇಲ್ಲಿನ ತೆರಿಗೆ ಕಟ್ಟಬೇಕು. ಆ ಲೆಕ್ಕವನ್ನು ಮೊದಲೇ ಆರ್‌ಟಿಒದಲ್ಲಿ ಕೇಳಿ, ಆಮೇಲೆ ಬೆಲೆ ಮಾತಾಡಿ.

ನಾನು ಆ ದಿನ ನೋಡಬೇಕಾಗಿದ್ದ ಎಂಟು ವಿಷಯ

1. ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ "ನಾಳೆ ಬೆಳಿಗ್ಗೆ ಬರ್ತೀನ್ರಿ, ನಾ ಬರೂತನಾ ಚಾಲೂ ಮಾಡಬ್ಯಾಡ್ರಿ" ಅಂತ ಹೇಳಿ ವಾಪಸ್ ಬನ್ನಿ. ಚೈನಿನ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡ್ತದೆ. ರಾತ್ರಿ ಪೂರ್ತಿ ನಿಂತ ಎಂಜಿನ್ ಚಾಲೂ ಆದ ಮೊದಲ ಎರಡು-ಮೂರು ಸೆಕೆಂಡಿನಲ್ಲಿ ಗರಗರ ಸದ್ದು ಬಂದರೆ ಚೈನ್ ಸಡಿಲ ಆಗಿರಬಹುದು. ಬೆಚ್ಚಗಿನ ಎಂಜಿನ್ ಈ ಸದ್ದನ್ನು ಮುಚ್ಚಿಡುತ್ತದೆ. ನಮಗೆ ಎಸಿ ಹಾಕಿ ತಣ್ಣಗಿಟ್ಟಿದ್ದು ಯಾಕೆ ಅಂತ ನನಗೆ ಈಗ ಗೊತ್ತು.

2. ಆಯಿಲ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಹಾಕಿ. ಜೇನು ಬಣ್ಣ ಇದ್ದರೆ ಒಳ್ಳೆಯದು. ಡಾಂಬರಿನಂಥ ಕರಿ ಅಂಟು ಇದ್ದರೆ ಆಯಿಲ್ ಹೊತ್ತಿಗೆ ಬದಲಾಗಿಲ್ಲ. ಕೆನೆಯಂಥ ಬಿಳಿ ಕಂಡರೆ ನೀರಿನಂಶ ಸೇರಿದೆ, ಕಾರಣ ಹುಡುಕಬೇಕು.

3. ಹೊಗೆಯ ಬಣ್ಣ. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಅಂದರೆ ಗಾಳಿ ಕಡಿಮೆ, ಇಂಧನ ಹೆಚ್ಚು; ಪೈಪ್ ಸೀಳಿರಬಹುದು. ಬಿಸಿಯಾದ ಮೇಲೂ ಹೋಗದ ಬಿಳಿ ಹೊಗೆ ಅಂದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಐದು ನಿಮಿಷ ಸುಮ್ಮನೆ ನಿಲ್ಲಿಸಿ, ಆಮೇಲೆ ಆಕ್ಸಿಲರೇಟರ್ ಒತ್ತಿ, ಹಿಂದೆ ಒಬ್ಬರನ್ನು ನಿಲ್ಲಿಸಿ ನೋಡಿ.

4. ಎಂಜಿನ್ ತಣ್ಣಗಿದ್ದಾಗ ಮೆಕ್ಯಾನಿಕ್ ಕೈಯಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿಸಿ. ಶಾಫ್ಟ್ ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸಹಜ, ಯಾಕೆಂದರೆ ಆಗ ಆಯಿಲ್ ಪದರ ಇಲ್ಲ. ಹಿಂದೆ-ಮುಂದೆ ಎಳೆದರೆ ಕೈಗೆ ಗೊತ್ತಾಗುವಷ್ಟು ಆಡಬಾರದು, ಅಂಚು ಗೋಡೆಗೆ ತಾಗಬಾರದು.

5. ಇಂಟರ್‌ಕೂಲರ್ ಪೈಪ್ ಒಳಗೆ ತೆಳು ಆಯಿಲ್ ಇರೋದು ಮಾಮೂಲಿ. ಬಗ್ಗಿಸಿದರೆ ಸುರಿಯುವಷ್ಟು ಇದ್ದರೆ ಬೇಡ.

6. ಸ್ಕ್ಯಾನರ್ ಹಾಕಿಸಿ. ಎರಡು ವಿಷಯ ನೋಡಿ. ಮಾರುವವರು ನಿನ್ನೆಯೇ ದೋಷದ ಕೋಡ್ ಅಳಿಸಿದ್ದರೆ ಕಾರು ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುವ ರೆಡಿನೆಸ್ ಮಾನಿಟರ್‌ಗಳು "ಅಪೂರ್ಣ" ಅಂತ ತೋರಿಸುತ್ತವೆ. ಇನ್ನೊಂದು, ಎಷ್ಟೋ ಕಾರುಗಳಲ್ಲಿ ಕಿಲೋಮೀಟರ್ ಲೆಕ್ಕ ಒಂದಕ್ಕಿಂತ ಹೆಚ್ಚು ಕಂಪ್ಯೂಟರಿನಲ್ಲಿ ಇರುತ್ತದೆ. ಮಾಮಾನ ಕಾರಿನ ಮೀಟರ್ ಹೇಳಿದ್ದು 78,000. ಗೇರ್‌ಬಾಕ್ಸಿನ ಕಂಪ್ಯೂಟರ್ ಹೇಳಿದ್ದು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಹತ್ತು ನಿಮಿಷದ ಕೆಲಸ ಅದು. ನಾನು ಮಾಡಿಸಲಿಲ್ಲ.

7. ಬಿಲ್ ಕೇಳಿ. "ಎಲ್ಲಾ ಸರ್ವಿಸ್ ಆಗೇತ್ರಿ" ಅನ್ನೋ ಮಾತು ಬಿಲ್ ಅಲ್ಲ. ಬಿಲ್ಲಿನಲ್ಲಿ ತಾರೀಖು, ಕಿಲೋಮೀಟರ್, ಆಯಿಲ್‌ನ ಗ್ರೇಡ್ ಇರಬೇಕು. ಬರೀ 5ಡಬ್ಲ್ಯೂ-30 ಅಂದರೆ ಸಾಲದು, ಕಂಪನಿಯ ಒಪ್ಪಿಗೆ ಸಂಖ್ಯೆ ನೋಡಿ: ಫೋಕ್ಸ್‌ವ್ಯಾಗನ್ 502.00, ಬಿಎಂಡಬ್ಲ್ಯೂ ಲಾಂಗ್‌ಲೈಫ್-04, ಮರ್ಸಿಡೀಸ್ 229.5, ಹೀಗೆ. ನಿಮ್ಮ ಎಂಜಿನ್ನಿಗೆ ಯಾವುದು ಅಂತ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ.

8. ಗಂಟಿನಲ್ಲಿ ಎಲ್ಲ ದುಡ್ಡನ್ನೂ ಕಾರಿಗೇ ಹಾಕಬೇಡಿ. ಚಾಚಾ ಹೇಳೋದು: "ಎಂಟ್ ಲಕ್ಷದ ಗಾಡಿ ತಗೊಳ್ಳಾವ ಎರಡ್ ಲಕ್ಷ ತೆಗೆದಿಡಬೇಕು. ಆ ಎರಡ್ ಲಕ್ಷ ಇಲ್ಲಂದ್ರ ಅಂವ ಆರ್ ಲಕ್ಷದ ಗಾಡಿ ನೋಡಬೇಕು."

ತಗೊಂಡ ಮೇಲೆ

ಮೊದಲ ದಿನವೇ ಆಯಿಲ್, ಫಿಲ್ಟರ್ ಬದಲಿಸಿ. ಆಮೇಲೆ ಪುಸ್ತಕ 15,000 ಅಂದರೂ ಹಳೇ ಟರ್ಬೊಗೆ 7,500 ಕಿ.ಮೀ. ಅಥವಾ ಆರು ತಿಂಗಳಿಗೆ ಬದಲಿಸುವುದು ಒಳ್ಳೆಯದು. ಟರ್ಬೊ ಬದಲಿಸುವ ಒಂದು ಖರ್ಚಿನಲ್ಲಿ ಎಷ್ಟೋ ಸಲ ಆಯಿಲ್ ಬದಲಿಸಬಹುದು. ತಿಂಗಳಿಗೆ ಎರಡು ಸಲ ಆಯಿಲ್ ಮಟ್ಟ ನೋಡಿ. ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ ಜೋರು ಮಾಡಬೇಡಿ, ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹೋಗಿ. ಟಾಪ್ ಗೇರಿನಲ್ಲಿ 1,200 ಸುತ್ತಿನಲ್ಲಿ ಏರು ಹತ್ತಿಸಬೇಡಿ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದರಿಂದ ಕಿಡಿ ಬರುವ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇದೆ. ಇದನ್ನು ತಡೆಯೋಕೆ ಅಂತಲೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಅನ್ನೋ ಆಯಿಲ್ ದರ್ಜೆಗಳು ಬಂದವು. ಹೆದ್ದಾರಿಯಿಂದ ಬಂದ ಮೇಲೆ ಕೊನೆಯ ಒಂದು ಕಿಲೋಮೀಟರ್ ನಿಧಾನ ಬನ್ನಿ, ಇಲ್ಲವೇ ಒಂದು ನಿಮಿಷ ಎಂಜಿನ್ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಕೊನೆಗೆ

ಒಂದು ದಿನ ಧೈರ್ಯ ಮಾಡಿ ಮಾಮಾಗೆ ಅಂದೆ, "ಮಾಮಾ, ತಪ್ಪು ನಂದ. ನನಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು."

ಮಾಮಾ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲದ ಮುಂದೆ ಕೂತಿದ್ದರು. ಚೀಲದ ಮೇಲೆ ಚೆನ್ನಾಗಿರೋ ಕೆಂಪು ಕಾಯಿ ಇಟ್ಟು ಕೆಳಗೆ ತೇವದ್ದು ತುಂಬುವವರು ಇರ್ತಾರೆ. ಅದಕ್ಕೆ ಅವರು ಯಾವತ್ತೂ ಚೀಲದ ಅಡಿಗೆ ಕೈ ಹಾಕಿಯೇ ನೋಡೋದು.

"ನಿಂದಷ್ಟ ಅಲ್ಲೋ ಅಳಿಯಾ," ಅಂದರು. "ಇಪ್ಪತ್ತೈದು ವರ್ಷದಿಂದ ಚೀಲದ ಬುಡಕ್ಕ ಕೈ ಹಾಕದ ಒಂದ್ ಕಾಯಿ ತಗೊಂಡಿಲ್ಲ ನಾ. ಗಾಡಿ ಮಾತ್ರ ಮ್ಯಾಲಿಂದ ನೋಡಿ ತಗೊಂಡೆ."

ಅಕ್ಕನ ಮದುವೆ ಆಯಿತು, ಸ್ವಲ್ಪ ಸಣ್ಣದಾಗಿ. ಕಾರು ಈಗ ಚೆನ್ನಾಗಿಯೇ ಓಡುತ್ತಿದೆ. ಮಾಮಾನ ಲೆಕ್ಕದ ಪುಸ್ತಕದಲ್ಲಿ ಈಗ ಕಾರಿಗೂ ಒಂದು ಪುಟ ಇದೆ. ಆಯಿಲ್ ಬದಲಿಸಿದ ತಾರೀಖು, ಕಿಲೋಮೀಟರ್, ಹಾಕಿದ ಆಯಿಲ್‌ನ ಸಂಖ್ಯೆ ಎಲ್ಲ ಅವರ ಕೈಬರಹದಲ್ಲೇ. ಮುಂದೆ ಯಾವತ್ತಾದರೂ ಮಾರಿದರೆ ಆ ಪುಟವನ್ನೂ ಕಾರಿನ ಜೊತೆ ಕೊಡ್ತಾರಂತೆ.

ನಿಮ್ಮಲ್ಲಿ ಯಾರಿಗಾದರೂ ಮನೆಯಿಂದ "ನೀ ಇಂಜಿನಿಯರಿಂಗ್ ಓದಾಕತ್ತಿ, ಬಂದು ಗಾಡಿ ನೋಡು" ಅಂತ ಫೋನ್ ಬಂದರೆ ಈ ಎಂಟು ವಿಷಯಗಳ ಪಟ್ಟಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಜೊತೆಗೆ ಒಬ್ಬ ಒಳ್ಳೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಬಾನೆಟ್ ಬಿಸಿ ಇದ್ದರೆ ಚಹಾ ಕುಡಿದು ವಾಪಸ್ ಬನ್ನಿ.